ವಿಷ್ಣುಕ್ರಾಂತಿ

ಭದ್ರಾವತಿಯಲ್ಲಿ ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದ ತ್ರಿಕೂಟವನ್ನು ಕಣ್ತುಂಬ ನೋಡುವ ಯಾತ್ರಿಕರು, ಶಿವಮೊಗ್ಗೆಯ ಸೀಮೆಯ ಒಣಬಯಲುಗಳಲ್ಲಿ ರೇಷ್ಮೆಯಂಥ ರೋಮಗಳುಳ್ಳ ಕಿರಿಯೆಲೆಗಳ ಸಂದಿನಲ್ಲಿ ಬೆಳಗ್ಗೆ ಅರಳಿ ಬಿಸಿಲೇರಿದಂತೆ ಮುದುಡುವ, ಗುಂಡಿಯಷ್ಟಗಲದ ನೀಲಿ ಹೂವನ್ನು ಲಕ್ಷಿಸುವುದು ವಿರಳ. ವಿಷ್ಣುವಿನಿಂದ ಆಕ್ರಾಂತವಾದುದು, ಎಂದರೆ ಆತನ ಹೆಜ್ಜೆ ಬಿದ್ದುದು, ಎಂಬ ಅರ್ಥದ ಅದರ ಹೆಸರು ಲೋಕಗಳನ್ನು ಮೂರಡಿಯಲ್ಲಿ ಅಳೆದ ತ್ರಿವಿಕ್ರಮನನ್ನು ಸ್ಮರಣೆಗೆ ತರುತ್ತದೆ. ಲಿನೇಯಸ್ ಪಂಡಿತನು 1762ರಲ್ಲಿ ಕೊಟ್ಟ 'ಇವಾಲ್ವುಲಸ್' ಎಂಬ ಕುಲನಾಮವೋ, ಬಳ್ಳಿಗಳ ವಂಶದಲ್ಲಿ ಹುಟ್ಟಿಯೂ ಯಾವುದನ್ನೂ ಸುತ್ತಿ ಮೇಲೇರದ ಅದರ ಸ್ವಭಾವವನ್ನಷ್ಟೇ ಸೂಚಿಸುತ್ತದೆ. ಬಲಿಯ ಶಿರಸ್ಸನ್ನು ಮೆಟ್ಟಿದ ಆ ಪಾದವು ದಂಡನೆಯೋ ಅನುಗ್ರಹವೋ ಎಂಬ ಹಳೆಯ ಜಿಜ್ಞಾಸೆಯಲ್ಲಿ, ತುಳಿತದ ನೆನಪನ್ನೇ ಹೂವಿಗೆ ಹೆಸರಾಗಿಟ್ಟವರು ಅನುಗ್ರಹದ ಪಕ್ಷದವರೆಂದೇ ನನ್ನ ಎಣಿಕೆ. ಮಲೆನಾಡಿನ ಮನೆಗಳಲ್ಲಿ ದೀಪಾವಳಿಗೆ ಬಲೀಂದ್ರನನ್ನು ಇಂದಿಗೂ ಕೂರಿಸಿ ಪೂಜಿಸುತ್ತಾರೆ.