ಸ್ವಭಾವಋಣ

ಗ್ರಾಮಫೋನಿನ ಕಹಳೆಯ ಎದುರು ಕುಳಿತು ತಲೆಯನ್ನು ಓರೆಮಾಡಿ ಆಲಿಸುತ್ತಿರುವ ನಾಯಿಯ ಚಿತ್ರವನ್ನು ಕಾಣದ ಸಂಗೀತಪ್ರಿಯರು ವಿರಳ. ನಿಪ್ಪರ್ ಎಂಬ ಆ ನಾಯಿಯು 1884ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಹುಟ್ಟಿದ, ಟೆರಿಯರ್ ವಂಶಕ್ಕೆ ಸೇರಿದ ಪ್ರಾಣಿ. ಚಿತ್ರದಲ್ಲಿ ಅದು ಶಾಂತಮೂರ್ತಿಯಾಗಿ ತೋರುವುದು. ಆದರೆ ಬಂದವರ ಕಾಲನ್ನು ಹಿಂದಿನಿಂದ ಕಚ್ಚಹೋಗುತ್ತಿದ್ದುದರಿಂದಲೇ ಅದಕ್ಕೆ ಆ ಹೆಸರು ಬಂದಿತೆಂದು ಹೇಳುವರು. ಚಿತ್ರವನ್ನು ಮೆಚ್ಚುವುದು ಸುಲಭ. ಅಂಥ ಪ್ರಾಣಿಯನ್ನು ಮನೆಯಲ್ಲಿಟ್ಟು ಸಾಕುವುದು ಬೇರೆಯ ಮಾತು. ಇಲ್ಲಿ ವಿಚಾರಾರ್ಹವಾದ ಒಂದು ಧರ್ಮಪ್ರಶ್ನೆಯು ಅಡಗಿದೆ. ಮನುಷ್ಯನು ತನ್ನ ಪ್ರಯೋಜನಕ್ಕಾಗಿ ಒಂದು ಪ್ರಾಣಿಯಲ್ಲಿ ಒಂದು ಸ್ವಭಾವವನ್ನು ಬೆಳೆಯಿಸಿ, ಆ ಪ್ರಯೋಜನವು ತೀರಿದ ಬಳಿಕ ಅದೇ ಸ್ವಭಾವವನ್ನು ದೋಷವೆಂದು ದಂಡಿಸಬಹುದೆ?

ಜ್ಯಾಕ್ ರಸೆಲ್ ಟೆರಿಯರ್ ಎಂಬ ನಾಯಿಯ ಜಾತಿಯು ಇದಕ್ಕೆ ಉತ್ತಮ ದೃಷ್ಟಾಂತವಾಗಿದೆ. ಲ್ಯಾಟಿನ್ ಭಾಷೆಯಲ್ಲಿ ‘ಟೆರ್ರಾ’ ಎಂದರೆ ಭೂಮಿ. ನೆಲದೊಳಗೆ ನುಗ್ಗಿ ಕೆಲಸ ಮಾಡುವ ನಾಯಿಗೆ ಟೆರಿಯರ್ ಎಂಬ ಹೆಸರು ಅದರಿಂದ ಬಂದುದು. ಜಾನ್ ರಸೆಲ್ (1795–1883) ಎಂಬಾತನು ಆಕ್ಸ್‌ಫರ್ಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1819ರಲ್ಲಿ, ಹಾಲು ಮಾರುವವನೊಬ್ಬನಿಂದ ಟ್ರಂಪ್ ಎಂಬ ಹೆಣ್ಣುನಾಯಿಯನ್ನು ಕೊಂಡನೆಂಬುದು ಪ್ರಸಿದ್ಧವಾದ ಕಥೆ. ಮುಂದೆ ಡೆವನ್ ಪ್ರಾಂತದಲ್ಲಿ ಪಾದ್ರಿಯಾದ ಈತನಿಗೆ ನರಿಬೇಟೆಯಲ್ಲಿ ಅತ್ಯಂತ ಆಸಕ್ತಿಯಿದ್ದಿತು. ಆ ಬೇಟೆಗೆ ತಕ್ಕಂತೆ ಈ ಜಾತಿಯು ರೂಪುಗೊಂಡಿತು. ಬೇಟೆನಾಯಿಗಳು ನರಿಯೆಂದು ಭ್ರಮಿಸದಿರಲೆಂದು ಮೈಬಣ್ಣವು ಬಹುಪಾಲು ಬಿಳುಪು. ಬಿಲದಲ್ಲಿ ಸಿಕ್ಕಿಕೊಳ್ಳದಿರಲೆಂದು ಎದೆಯು ಎರಡು ಕೈಗಳ ಹಿಡಿತಕ್ಕೆ ಸಿಕ್ಕುವಷ್ಟು ಕಿರಿದು. ಮೇಲೆ ನಿಂತವರಿಗೆ ತಾನಿರುವ ಎಡೆಯನ್ನು ತಿಳಿಸಲು ಅದು ಬೊಗಳಬೇಕು. ಒಡೆಯನ ಆಜ್ಞೆಯು ತಲಪದ ಕತ್ತಲಲ್ಲಿ ಒಂಟಿಯಾಗಿ ನರಿಯನ್ನು ಎದುರಿಸಿ ಹೊರಗಟ್ಟಲು ಅದಕ್ಕೆ ಧೈರ್ಯವೂ ಹಠವೂ ಬೇಕು. ಇವೆಲ್ಲವೂ 10ರಿಂದ 15 ಇಂಚು ಎತ್ತರದ ಆ ಸಣ್ಣ ದೇಹದಲ್ಲಿ ಕೂಡಿಬಂದವು.

ಕಾಲವು ಬದಲಾಯಿತು. ನಾಯಿಗಳಿಂದ ಕಾಡುಪ್ರಾಣಿಗಳನ್ನು ಬೇಟೆಯಾಡುವುದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 2004ರ ಕಾಯಿದೆಯು ಬಹುಮಟ್ಟಿಗೆ ನಿಷೇಧಿಸಿತು. ಅದಕ್ಕೂ ಮೊದಲೇ ಈ ನಾಯಿಯು ಚಿಕ್ಕದು, ಚೆಲುವಾದುದು, ಚುರುಕಾದುದು ಎಂಬ ಕಾರಣದಿಂದ ಪಟ್ಟಣದ ಮನೆಗಳನ್ನು ಸೇರಿತ್ತು. ಕಸುಬು ಹೋಯಿತು, ಸ್ವಭಾವ ಉಳಿಯಿತು. ಹೂವಿನ ಪಾತಿಯನ್ನು ಅಗೆಯುತ್ತದೆ, ಸದ್ದಾದರೆ ಬೊಗಳುತ್ತದೆ, ಬೆಕ್ಕನ್ನು ಅಟ್ಟುತ್ತದೆ, ಕರೆದರೆ ಬರುವುದಿಲ್ಲ ಎಂದು ಒಡೆಯನು ದೂರುತ್ತಾನೆ. ಆತನು ಎಣಿಸುವ ಒಂದೊಂದು ದೋಷವೂ ಹಿಂದಿನವರು ಆರಿಸಿ ಬೆಳೆಯಿಸಿದ ಒಂದೊಂದು ಗುಣವೇ ಆಗಿದೆ.

ಇಲ್ಲಿ ಪೂರ್ವಪಕ್ಷವೊಂದುಂಟು. ಆ ಸ್ವಭಾವವನ್ನು ಬೆಳೆಯಿಸಿದವರು ಇನ್ನೂರು ವರ್ಷಗಳ ಹಿಂದಿನ ಪರದೇಶದವರು. ಇಂದು ಬೆಲೆ ಕೊಟ್ಟು ಕೊಂಡವನಿಗೆ ಅದರ ಹೊಣೆ ಏಕೆ? ಇದಕ್ಕೆ ಸಮಾಧಾನವಿದು: ತಂದೆಯ ಆಸ್ತಿಯನ್ನು ಪಡೆದವನು ಆತನ ಸಾಲವನ್ನೂ ತೀರಿಸತಕ್ಕವನೆಂಬುದು ಲೋಕಸಮ್ಮತವಾದ ನ್ಯಾಯ. ನಾಯಿಯ ಚೆಲುವನ್ನೂ ಚುರುಕನ್ನೂ ಬಯಸಿ ಮನೆಗೆ ತಂದವನು ಅದರೊಡನೆ ಬಂದ ಋಣವನ್ನು ಮಾತ್ರ ಒಲ್ಲೆನೆನ್ನುವುದು ಸಲ್ಲದು.

ಮಹಾಭಾರತದ ಆದಿಯಲ್ಲಿಯೂ ಅಂತ್ಯದಲ್ಲಿಯೂ ನಾಯಿಯೊಂದು ಬರುವುದನ್ನು ವಾಚಕರು ಬಲ್ಲರು. ಹವಿಸ್ಸನ್ನು ನೋಡಿಯೂ ಇಲ್ಲದ ಸರಮೆಯ ಮರಿಯನ್ನು ಜನಮೇಜಯನ ತಮ್ಮಂದಿರು ಹೊಡೆದರು. ನನ್ನ ಮಗನ ಅಪರಾಧವೇನೆಂದು ತಾಯಿಯು ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಕೊನೆಯಲ್ಲಿ ಯುಧಿಷ್ಠಿರನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ಸ್ವರ್ಗದ ರಥವನ್ನು ಏರಲೊಪ್ಪಲಿಲ್ಲ. ಆ ನಾಯಿಯು ತಾನಾಗಿ ಹಿಂಬಾಲಿಸಿದುದು. ಆತನು ಅದನ್ನು ಕೊಂಡಿರಲಿಲ್ಲ. ಹಾಗಿರಲು, ಬಯಸಿ ತಂದ ಪ್ರಾಣಿಯ ವಿಷಯದಲ್ಲಿ ಕರ್ತವ್ಯವು ಎಷ್ಟು ಹೆಚ್ಚಿನದೆಂಬುದನ್ನು ಊಹಿಸಬಹುದು.

ಋಣವೆಂದರೆ ಪ್ರಾಣಿಯ ಇಚ್ಛೆಗೆ ಮನೆಯನ್ನೊಪ್ಪಿಸುವುದಲ್ಲ. ಸ್ವಭಾವವನ್ನು ಅಳಿಸಲಾಗದು; ಸಂಸ್ಕಾರದಿಂದ ಅದಕ್ಕೆ ದಾರಿಯನ್ನು ತೋರಬಹುದು. ಅಗೆಯುವ ನಾಯಿಗೆ ಹಿತ್ತಿಲ ಮೂಲೆಯಲ್ಲಿ ಮರಳಿನ ಗುಂಡಿಯೊಂದನ್ನು ಕೊಟ್ಟು, ಅದರಲ್ಲಿ ಆಟದ ವಸ್ತುವನ್ನು ಹೂಳಿದರೆ, ಹೂವಿನ ಪಾತಿಯು ಉಳಿದೀತು. ದಿನಕ್ಕೆ ಒಂದು ಗಂಟೆಗೆ ಕಡಮೆಯಿಲ್ಲದ ನಡಗೆ, ಓಟಗಳು ಅದಕ್ಕೆ ಬೇಕು. ಪಾಠವು ಚಿಕ್ಕದಾಗಿದ್ದು, ಕಲಿತುದಕ್ಕೆ ಒಡನೆಯೇ ತುತ್ತೊಂದು ದೊರೆಯಬೇಕು. ಏಟಿನಿಂದ ಹಠವು ಬೆಳೆಯುವುದೇ ಹೊರತು ವಿದ್ಯೆ ಬೆಳೆಯದು. ಬೀದಿಯಲ್ಲಿ ಹಗ್ಗವು ಕೈಯಲ್ಲಿಯೇ ಇರಬೇಕು, ಏಕೆಂದರೆ ಅಳಿಲನ್ನು ಕಂಡ ಟೆರಿಯರ್ ಬಂಡಿಯನ್ನು ಕಾಣದು.

ಈ ಧರ್ಮವನ್ನು ರಾಜಶಾಸನವೂ ಅಂಗೀಕರಿಸಿದೆ. ಇಂಗ್ಲೆಂಡಿನ 2006ರ ಕಾಯಿದೆಯು ಪ್ರಾಣಿಗೆ ತನ್ನ ಸಹಜವರ್ತನೆಯನ್ನು ತೋರಲು ಅವಕಾಶವಿರುವುದನ್ನು ಅದರ ಅವಶ್ಯಕತೆಗಳಲ್ಲಿ ಎಣಿಸಿದೆ. ಭಾರತದ 1960ರ ಕಾಯಿದೆಯ ಪ್ರಕಾರ, ಸದಾ ಸರಪಳಿಯಲ್ಲಿಟ್ಟ ನಾಯಿಗೆ ತಕ್ಕಷ್ಟು ವ್ಯಾಯಾಮವನ್ನು ಕೊಡದಿರುವುದು ಕ್ರೌರ್ಯವೇ ಸರಿ. ಆದರೆ ಮುಚ್ಚಿದ ಬಾಗಿಲ ಹಿಂದೆ ದಿನವಿಡೀ ಒಂಟಿಯಾಗಿ ಕಾಯುವ ಪ್ರಾಣಿಯ ಬಳಿಗೆ ಯಾವ ಅಧಿಕಾರಿಯು ಹೋದಾನು? ಅಲ್ಲಿ ಒಡೆಯನ ಅಂತಃಕರಣವೊಂದೇ ಸಾಕ್ಷಿ.

ಆದುದರಿಂದ ವಿವೇಕವು ಕೊಳ್ಳುವ ಮುನ್ನವೇ ಬೇಕು. ಈ ನಾಯಿಯು ಹದಿಮೂರು, ಹದಿನಾಲ್ಕು ವರ್ಷಗಳು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬಾಳುವುದು. ಅಷ್ಟು ದೀರ್ಘಕಾಲ ದಿನಕ್ಕೊಂದು ಗಂಟೆಯನ್ನು ಕೊಡಲಾರದವನು ಅದನ್ನು ತಾರದಿರುವುದೇ ದಯೆ. ಕೊಡಬಲ್ಲವನಿಗೆ ಅದು ಉತ್ತಮ ಸಂಗಾತಿಯಾಗುವುದರಲ್ಲಿ ಸಂದೇಹವಿಲ್ಲ. ತನ್ನ ಮನಸ್ಸಿಗೆ ಒಗ್ಗದ ಸ್ವಭಾವವೊಂದನ್ನು ಗೌರವಿಸಿ ಬಾಳುವ ಅಭ್ಯಾಸವೂ ಅವನಿಗೆ ದಿನದಿನವೂ ಆಗುವುದು.