ಮೋರೇರಿಗೆ ಯಾರವ್ರೆ?

ಜೂಜುವಾಡಿಯ ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲೊಂದಿದೆ. ಅದರ ಒಂದು ಅಂಚಿನಲ್ಲಿ ಅರ್ಧಚಂದ್ರದ ಹಾಗೆ ಕಡಿದ ಗುರುತು. ಚಿಕ್ಕಂದಿನಲ್ಲಿ ಆ ಕಡಿತಕ್ಕೆ ಗಲ್ಲವಿಟ್ಟು ಆಡುತ್ತಿದ್ದೆ. ಅಜ್ಜಿ ಅದನ್ನು ‘ಮೋರೇರ ಕಲ್ಲು’ ಎನ್ನುತ್ತಿದ್ದಳು. ಅವಳ ಮಾವ ಗುಡ್ಡದ ಕಡೆಯಿಂದ ಗಾಡಿಯಲ್ಲಿ ಹೇರಿಕೊಂಡು ಬಂದದ್ದಂತೆ. “ಕದ್ದದ್ದಾ ಅಜ್ಜಿ?” ಎಂದರೆ, “ಕದಿಯೋಕೆ ಒಡೆಯ ಇರಬೇಕಲ್ಲೋ. ಮೋರೇರಿಗೆ ಯಾರವ್ರೆ?” ಎಂದು ನಗುತ್ತಿದ್ದಳು. ಆ ಮಾತಿನಲ್ಲಿ ನಗೆಯಷ್ಟೇ ಇರಲಿಲ್ಲವೆಂದು ನನಗೆ ಹೊಳೆಯಲು ಐವತ್ತು ವರ್ಷ ಹಿಡಿಯಿತು.

ಮೋರೇರೆಂದರೆ ಕುಳ್ಳರು. ನಮ್ಮ ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರದ ಬೆಟ್ಟದ ಮೇಲೆ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಹೊದಿಸಿದ ಕಲ್ಮನೆಗಳ ಒಂದು ಊರೇ ಇದೆ. ಕೆಲವುದರ ಒಳಗೋಡೆಯಲ್ಲಿ ಬಿಳಿ ಬಣ್ಣದ ಚಿತ್ರಗಳೂ ಉಂಟು. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನಲ್ಲಿ ಇಂಥವು ಸುಮಾರು ನಾನೂರು. ಆ ಗುಡ್ಡಕ್ಕೆ ಹೆಸರೇ ಮೋರೇರ ಗುಡ್ಡ. ಎದುರು ಚಪ್ಪಡಿಯಲ್ಲಿ ಒಂದು ದುಂಡು ಕಿಂಡಿ. ಬೆಳೆದ ಆಳು ಅದರಲ್ಲಿ ನೆಟ್ಟಗೆ ನುಗ್ಗಲಾರ. ಹಾಗಾದರೆ ಇಲ್ಲಿ ಒಳಹೊರಗೆ ಓಡಾಡುತ್ತಿದ್ದವರು ಗೇಣುದ್ದದವರೇ ಇರಬೇಕು. ಜನಪದದ ತರ್ಕ ಇಷ್ಟು ಸರಳ, ಇಷ್ಟು ಖಚಿತ. ಬೆಂಕಿಯ ಮಳೆ ಬೀಳುವುದೆಂದು ತಿಳಿದು ಅವರು ಕಲ್ಲಿನ ಮನೆ ಕಟ್ಟಿಕೊಂಡರು, ಮಳೆ ಬಿತ್ತು, ಕಲ್ಲೊಳಗೇ ಸುಟ್ಟುಹೋದರು ಎಂಬುದು ಕಥೆ.

ಈ ಕಥೆಯಲ್ಲೊಂದು ಕೊರತೆಯಿದೆ. ಮೋರೇರ ಸಾವು ಹೇಳುತ್ತದೆ, ಹುಟ್ಟು ಹೇಳುವುದಿಲ್ಲ. ಯಾವ ದೇವರು ಅವರನ್ನು ಮಾಡಿದ, ಅವರು ಯಾರಿಗೆ ಕೈ ಮುಗಿದರು? ಒಂದು ಮಾತೂ ಇಲ್ಲ. ಬೇರೆ ಕಡೆಯ ಕುಳ್ಳರು ಹೀಗೆ ಅನಾಥರಲ್ಲ. ಉತ್ತರ ಯುರೋಪಿನ ಹಳೆಯ ಕಥೆಯಲ್ಲಿ ಸತ್ತ ದೈತ್ಯ ಯಿಮಿರನ ಮಾಂಸದಲ್ಲಿ ಹುಳುಗಳಾಗಿ ಹುಟ್ಟಿದ ಕುಳ್ಳರಿಗೆ ದೇವತೆಗಳು ಬುದ್ಧಿ ಕೊಡುತ್ತಾರೆ. ಇಂಗ್ಲಿಷ್ ಲೇಖಕ ಟೋಲ್ಕೀನ್ ಕಟ್ಟಿದ, ಅವನು ತೀರಿಕೊಂಡ ಮೇಲೆ 1977ರಲ್ಲಿ ಅಚ್ಚಾದ ಪುರಾಣದಲ್ಲಿ ಔಲೆ ಎಂಬ ಕಮ್ಮಾರ ದೇವತೆ ಗುಟ್ಟಾಗಿ ಏಳು ಮಂದಿ ಕುಳ್ಳರನ್ನು ಮಾಡುತ್ತಾನೆ. ತಪ್ಪು ಬಯಲಾದಾಗ ಪಶ್ಚಾತ್ತಾಪದಿಂದ ಅವರನ್ನು ಒಡೆದುಹಾಕಲು ಸುತ್ತಿಗೆ ಎತ್ತುತ್ತಾನೆ. ಕುಳ್ಳರು ಮುದುಡಿಕೊಂಡು ದಯೆ ಬೇಡುತ್ತಾರೆ. ಮಾಡಿದವನ ಕೈಗೊಂಬೆಗಳು ಹೆದರಲಾರವು. ಹೆದರಿದರು ಎಂದರೆ ಅಷ್ಟರಲ್ಲೇ ಅವರಿಗೆ ಸ್ವಂತ ಜೀವ ಬಂದಿತ್ತು.

ನಮ್ಮಲ್ಲೂ ಉಂಟು. ಆದಿಪರ್ವದ ವಾಲಖಿಲ್ಯರು ಹೆಬ್ಬೆರಳಿನಷ್ಟೇ ಎತ್ತರದ ಋಷಿಗಳು. ಕಶ್ಯಪನ ಯಜ್ಞಕ್ಕೆ ಎಲ್ಲರೂ ಸೇರಿ ಮುತ್ತುಗದ ಒಂದೇ ಕಡ್ಡಿ ಹೊತ್ತು ಬರುವಾಗ ಹಸುವಿನ ಗೊರಸಿನ ಗುಂಡಿಯ ನೀರಲ್ಲಿ ಸಿಕ್ಕಿಕೊಳ್ಳುತ್ತಾರೆ. ಬೆಟ್ಟದಷ್ಟು ಸೌದೆ ಹೊತ್ತ ಇಂದ್ರ ಅವರನ್ನು ದಾಟಿ ನಗುತ್ತಾ ಹೋಗುತ್ತಾನೆ. ಇನ್ನೊಬ್ಬ ಇಂದ್ರನನ್ನೇ ಹುಟ್ಟಿಸುತ್ತೇವೆಂದು ಅವರು ಹೋಮಕ್ಕೆ ಕೂರುತ್ತಾರೆ. ಕಶ್ಯಪ ನಡುವೆ ಬಂದು ರಾಜಿ ಮಾಡಿದ ಮೇಲೆ ಹಕ್ಕಿಗಳ ಇಂದ್ರನಾಗಿ ಗರುಡ ಹುಟ್ಟುತ್ತಾನೆ. ಇನ್ನು ವಾಮನನ ಕಥೆಯನ್ನು ಪ್ರತಿ ಓಣಂಗೆ ಬಲಿಯನ್ನು ಎದುರುಗೊಳ್ಳುವ ಮಲಯಾಳಿ ಓದುಗರಿಗೆ ನಾನು ಹೇಳಬೇಕೆ?

ಮೋರೇರಿಗೆ ಮಾತ್ರ ಸೃಷ್ಟಿಯ ಕಥೆ ಏಕಿಲ್ಲ? ನನಗೆ ತೋರುವುದು ಇಷ್ಟು. ಆ ಕಥೆ ಅವರದಲ್ಲ. ಅವರ ಗೋರಿಯನ್ನು ನೋಡಿದವರದು. ಆ ಕಲ್ಮನೆಗಳಲ್ಲಿ ಯಾರೂ ವಾಸವಿರಲಿಲ್ಲ. ಅವು ಎರಡು ಸಾವಿರ ವರ್ಷಕ್ಕೂ ಹಿಂದೆ, ಕಬ್ಬಿಣ ಬಳಸುತ್ತಿದ್ದ, ನಮ್ಮಷ್ಟೇ ಎತ್ತರದ ಜನ ಸತ್ತವರಿಗಾಗಿ ಕಟ್ಟಿದವು. ಇಂಥ ಗೋರಿಗಳಲ್ಲಿ ಸಿಗುವುದು ಎಲುಬು, ಮಡಕೆ, ಮಣಿ, ಕಬ್ಬಿಣದ ಆಯುಧ. ಇದೇ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಸಿಕ್ಕ ಕಬ್ಬಿಣ ಕ್ರಿ.ಪೂ. 2172ರಷ್ಟು ಹಳೆಯದೆಂದು 2022ರಲ್ಲಿ ತಮಿಳುನಾಡು ವಿಧಾನಸಭೆಯಲ್ಲೇ ಘೋಷಣೆಯಾಯಿತು. ಕುಳ್ಳರು ಕಮ್ಮಾರರು ಎಂಬ ಪಡುವಣದ ಕಲ್ಪನೆಗೂ ನಮ್ಮ ಬೆಟ್ಟಕ್ಕೂ ಸಂಬಂಧವಿಲ್ಲ, ಆದರೂ ಓದುವಾಗ ಮೈ ಜುಮ್ಮೆಂದಿತು. ಅವರ ದೇವರ ಹೆಸರು ಉಳಿದಿಲ್ಲ. ಸತ್ತವನ ಪಕ್ಕ ಮಡಕೆ ಇಟ್ಟ ಕೈ ಏನನ್ನೋ ನಂಬಿತ್ತು.

ಗಡಿಯಾಚೆಗೂ ಇದೇ ಕಥೆ, ಹೆಸರು ಬೇರೆ. ಮರಯೂರಿನ ಕಲ್ಮನೆಗಳನ್ನು ಮಲಯಾಳಿಗಳು ಮುನಿಯರ ಎನ್ನುತ್ತಾರೆ, ಅಂದರೆ ಮುನಿಗಳ ಕೋಣೆ. ಕಾಸರಗೋಡಿನಲ್ಲಿ ಮುರಕಲ್ಲು ಕೊರೆದು ಮಾಡಿದ ಗುಹೆಗಳಿಗೂ ಅದೇ ಹೆಸರು. ಇನ್ನೆಷ್ಟೋ ಕಡೆ ಪಾಂಡವರ ಹೆಸರು. ಒಬ್ಬರು ಕುಳ್ಳರೆಂದರು, ಒಬ್ಬರು ಋಷಿಗಳೆಂದರು, ಒಬ್ಬರು ಮಹಾವೀರರೆಂದರು. ‘ಇದು ನಮ್ಮಜ್ಜನ ಗೋರಿ’ ಎಂದು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ರಾಜ್ಯ ಹಂಚಿದಾಗ ಹೊಸೂರು ಮದರಾಸಿನಲ್ಲೇ ಉಳಿಯಿತು, ಕಾಸರಗೋಡು ಕೇರಳಕ್ಕೆ ಹೋಯಿತು. ನಮ್ಮವರು ಯಾರು, ಪರರು ಯಾರು ಎಂಬ ಜಗಳ ನಮಗೆ ಮುಗಿದಿಲ್ಲ. ಮೋರೇರನ್ನು ಮಾತ್ರ ಯಾವ ಪಕ್ಷವೂ ತನ್ನ ಕಡೆಗೆ ಎಳೆದುಕೊಂಡಿಲ್ಲ.

ಹಾಗಾದರೆ ಅಜ್ಜಿಯ ಮಾತು ತಪ್ಪು ಎಂದು ಬಿಡೋಣವೆ? ಸತ್ತವರನ್ನು ಗೇಣುದ್ದ ಮಾಡಿದರೆ ಅವರ ಕಲ್ಲು ಹೇರಿಕೊಂಡು ಬರಲು ಮನಸ್ಸು ಅಂಜುವುದಿಲ್ಲ, ಇದು ನಿಜ. ಬಹುದಿನ ಈ ತೀರ್ಮಾನದಲ್ಲೇ ನೆಮ್ಮದಿಯಾಗಿದ್ದೆ. ಆಮೇಲೆ ಇನ್ನೊಂದು ನೆನಪಾಯಿತು. ದನ ಕಾಯುವ ಹುಡುಗರು ಆ ಕಿಂಡಿಗಳೊಳಗೆ ಕೈ ಹಾಕುತ್ತಿರಲಿಲ್ಲ. ಕುಳ್ಳರು ಹಿಡಿದು ಎಳೆಯುತ್ತಾರೆಂಬ ಭಯ. ನಮ್ಮ ಮುತ್ತಜ್ಜನಂಥ ಒಬ್ಬಿಬ್ಬರು ಒಂದೆರಡು ಚಪ್ಪಡಿ ತಂದರು, ಉಳಿದವು ಆ ಸುಳ್ಳಿನ ಕಾವಲಿನಲ್ಲೇ ಅಷ್ಟು ಕಾಲ ನಿಂತವು. ಈಗ ಓದಿದ ನಮಗೆ ಕುಳ್ಳರಿಲ್ಲ, ಭಯವಿಲ್ಲ. ಈ ಸೀಮೆಯಲ್ಲಿ ಗ್ರಾನೈಟ್ ಗಣಿ ಎಷ್ಟಿವೆಯೆಂದು ಹೆದ್ದಾರಿಯಲ್ಲಿ ಹೋಗುವ ಲಾರಿಗಳನ್ನು ನೋಡಿದರೆ ಸಾಕು. ನಿಜ ತಿಳಿದವರು ಕಾವಲಿಗೂ ನಿಲ್ಲಬೇಕಿತ್ತು. ನಾನು ಲೇಖನ ಬರೆಯುತ್ತಾ ಕೂತಿದ್ದೇನೆ.

ಕಳೆದ ವರ್ಷ ಮನೆ ರಿಪೇರಿಗೆ ಬಂದ ಮೇಸ್ತ್ರಿ ಆ ಕಲ್ಲು ನೋಡಿ, “ಒಡೆದು ಪಾಯಕ್ಕೆ ಹಾಕೋಣವಾ ಸಾರ್?” ಎಂದು ಕೇಳಿದ. ಬೇಡವೆಂದೆ. ಬೆಟ್ಟಕ್ಕೇ ಹಿಂದಿರುಗಿಸೋಣವೆಂದರೆ ಯಾವ ಬೆಟ್ಟ, ಯಾರ ಗೋರಿ ಎಂದು ಹೇಳುವವರು ಮನೆಯಲ್ಲಿ ಉಳಿದಿಲ್ಲ. ಸೊಸೆ ವಾಷಿಂಗ್ ಮೆಷಿನ್ ತಂದ ಮೇಲೆ ಅದರ ಮೇಲೆ ಬಟ್ಟೆ ಒಗೆಯುವುದು ನಿಂತಿದೆ. ಅಜ್ಜಿಯ ತಿಥಿಯ ದಿನ ಕಾಗೆಗೆ ಇಡುವ ಎಡೆಯನ್ನು ಈ ಸಲ ಆ ಕಲ್ಲಿನ ಮೇಲೆಯೇ ಇಟ್ಟೆ. ಯಾರ ಹೆಸರಲ್ಲಿ ಎಂದು ಮೊಮ್ಮಗ ಕೇಳಿದ.