ಜಲಶುದ್ಧಿಯೂ ಮನಶ್ಶುದ್ಧಿಯೂ

ನೀರಿಗೆ ಮೈಯ ಕೊಳೆಯನ್ನು ತೊಳೆಯುವ ಶಕ್ತಿಯುಂಟೆಂಬುದನ್ನು ಎಳೆಯ ಮಕ್ಕಳೂ ಬಲ್ಲರು. ಮಾಡಿದ ತಪ್ಪನ್ನೂ ಅದು ತೊಳೆಯಬಲ್ಲುದೇ ಎಂಬ ಪ್ರಶ್ನೆಯಾದರೋ ಬಹು ಪುರಾತನವಾದುದು. ಈ ಪ್ರಶ್ನೆಯನ್ನು ಕುರಿತು ಅಸ್ಸೀರಿಯ ದೇಶದ ಕಲ್ಲುಗಳು ಏನು ನುಡಿಯುತ್ತವೆಂಬುದನ್ನು ಇಂದು ವಿಚಾರಿಸೋಣ.

ಇಂದಿನ ಇರಾಕಿನ ಉತ್ತರ ಭಾಗದಲ್ಲಿ, ಟೈಗ್ರಿಸ್ ನದಿಯ ಸಮೀಪದಲ್ಲಿ ಕಲ್ಹು ಎಂಬ ನಗರವಿದ್ದಿತು. ಕ್ರಿ. ಪೂ. 883ರಿಂದ 859ರವರೆಗೆ ಆಳಿದ ಎರಡನೆಯ ಅಶ್ಶೂರ್‌ನಾಸಿರ್‌ಪಾಲನು ಅಲ್ಲಿ ಕಟ್ಟಿಸಿದ ಅರಮನೆಯ ಗೋಡೆಗಳಿಗೆಲ್ಲ ಕೆತ್ತನೆಯ ಚಪ್ಪಡಿಗಳನ್ನು ಹೊದಿಸಿದ್ದರು. ಅವುಗಳಲ್ಲಿ ರೆಕ್ಕೆಯುಳ್ಳ ದಿವ್ಯಪುರುಷರು ಸಾಲಾಗಿ ನಿಂತಿದ್ದಾರೆ. ಎಡಗೈಯಲ್ಲಿ ಪುಟ್ಟದೊಂದು ನೀರಿನ ಬಿಂದಿಗೆ. ಮೇಲೆತ್ತಿದ ಬಲಗೈಯಲ್ಲಿ ದೇವದಾರುವಿನ ಕಾಯಿಯಂತಹ ವಸ್ತು. ಅದರ ಹೆಸರು ಮುಲ್ಲಿಲು. ‘ಶುದ್ಧಿಕಾರಕ’ವೆಂದು ಅದರ ಅರ್ಥ. ಅದನ್ನು ನೀರಿನಲ್ಲಿ ಅದ್ದಿ ಅರಸನಿಗೆ ಪ್ರೋಕ್ಷಿಸಿ ಕೆಡುಕನ್ನು ಕಳೆಯುವುದು ಅವರ ಕಾರ್ಯ. ಆದರೆ ಆ ಚಪ್ಪಡಿಗಳ ನಡುವೆ, ಅನೇಕ ಕಡೆ ಮೂರ್ತಿಗಳ ಮೈಮೇಲೆಯೇ ಹಾಯ್ದು ಹೋಗುವ ಬರಹವೊಂದುಂಟು. ಅದು ಪ್ರಾರ್ಥನೆಯಲ್ಲ, ಶತ್ರುಗಳ ಕೊರಳನ್ನು ಮೆಟ್ಟಿದೆನೆಂಬ ಅರಸನ ಹೆಮ್ಮೆಯ ನುಡಿ!

ಭೂಮಿಯ ಕೆಳಗೆ ‘ಅಪ್ಸು’ ಎಂಬ ಸಿಹಿನೀರಿನ ಮಹಾಕಡಲಿದೆ, ಜ್ಞಾನದ ದೇವತೆಯಾದ ಏಯನು ಅದರ ಒಡೆಯನು, ಮಂತ್ರಪೂತವಾದ ನೀರೆಲ್ಲ ಅವನ ಪ್ರಸಾದ, ಎಂಬುದು ಆ ಜನರ ನಂಬಿಕೆಯಾಗಿದ್ದಿತು. ಅಶ್ಶೂರ್ ನಗರದ ದೇವಾಲಯಕ್ಕಾಗಿ ಸೆನ್ನಾಖೆರಿಬ್ ಅರಸನು ಮಾಡಿಸಿದ ಕಲ್ಲಿನ ತೊಟ್ಟಿಯೊಂದು ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಸುತ್ತಲೂ ಉಕ್ಕಿ ಹರಿಯುವ ಕಲಶವನ್ನು ಹಿಡಿದ ದೇವಮೂರ್ತಿಗಳು. ಅವುಗಳ ಇಕ್ಕೆಲಗಳಲ್ಲಿ ಮೀನಿನ ಚರ್ಮವನ್ನು ಹೊದ್ದ ಋತ್ವಿಜರು. ನೀರಿನ ಹರಿವನ್ನು ಕಲ್ಲಿನಲ್ಲಿ ಹಿಡಿದು ನಿಲ್ಲಿಸಿದ ಆ ಶಿಲ್ಪಿಗಳ ಕೈಗೆ ಯಾರಾದರೂ ತಲೆದೂಗಲೇಬೇಕು.

ಈ ಸೆನ್ನಾಖೆರಿಬನು ನಿನೆವೆ ಪಟ್ಟಣಕ್ಕೆ ಬೆಟ್ಟದ ನೀರನ್ನು ತಂದವನು. ಜೆರ್ವಾನ್ ಎಂಬಲ್ಲಿ ಕಣಿವೆಯನ್ನು ದಾಟಿಸಲು ಅವನು ಕಟ್ಟಿಸಿದ ಮೇಲ್ಗಾಲುವೆಗೆ 20 ಲಕ್ಷಕ್ಕೂ ಹೆಚ್ಚು ಕಲ್ಲುಗಳು ಬಿದ್ದಿರಬೇಕೆಂದು ಶೋಧಕರ ಅಂದಾಜು. ಕಾಲುವೆಯ ಮೂಲದಲ್ಲಿ, ಬವಿಯಾನ್ ಬಳಿಯ ಬಂಡೆಯ ಮೇಲೆ ಅವನ ಶಾಸನವಿದೆ. ಒಂದು ವರುಷ ಮೂರು ತಿಂಗಳಲ್ಲಿ ಕೆಲಸ ಮುಗಿಯಿತು. ನೀರು ಬಿಡುವಾಗ ಪುರೋಹಿತರಿಂದ ಪೂಜೆ ನಡೆಯಿತು. ಅಗೆದ ಕೆಲಸಗಾರರಿಗೆ ಬಣ್ಣದ ಬಟ್ಟೆಗಳನ್ನೂ ಚಿನ್ನದ ಉಂಗುರಗಳನ್ನೂ ಕೊಟ್ಟೆನು, ಎಂದು ಅದು ಹೇಳುತ್ತದೆ. ದುಡಿದವನನ್ನು ಮರೆಯದ ಈ ಮಾತು ಮೆಚ್ಚತಕ್ಕುದೇ ಸರಿ.

ಆದರೆ ಅದೇ ಬಂಡೆಯನ್ನು ಮುಂದೆ ಓದಿರಿ. ಕ್ರಿ. ಪೂ. 689ರಲ್ಲಿ ಬಾಬಿಲೋನನ್ನು ಗೆದ್ದು, ಜನರನ್ನು ಕೊಂದು, ಗುಡಿಗಳನ್ನು ಕೆಡವಿ, ದೇವಮೂರ್ತಿಗಳನ್ನು ಒಡೆಸಿ, ಊರ ನಡುವೆ ಕಾಲುವೆಗಳನ್ನು ತೋಡಿಸಿ ಆ ನೆಲ ಗುರುತು ಸಿಗದಂತೆ ನೀರಿನಲ್ಲಿ ಮುಳುಗಿಸಿದೆನೆಂದು ಅಲ್ಲಿ ಬರೆದಿದೆ. ಒಂದು ಊರಿಗೆ ಜೀವವಾದ ನೀರು ಇನ್ನೊಂದು ಊರಿಗೆ ಮೃತ್ಯುವಾಯಿತು! ಇದರಲ್ಲಿ ನೀರಿನ ದೋಷವೇನು? ಹರಿಸಿದ ಕೈ ಎಂತಹುದೋ ನೀರಿನ ನಡತೆಯೂ ಅಂತಹುದೇ. ಕ್ರಿ. ಪೂ. 681ರಲ್ಲಿ ಆ ಅರಸನು ಹೆತ್ತ ಮಗನಿಂದಲೇ ಹತನಾದನು. ಕ್ರಿ. ಪೂ. 612ರಲ್ಲಿ ನಿನೆವೆಯೂ ಬಿದ್ದಿತು. ಪ್ರೋಕ್ಷಣೆಯ ಆ ದಿವ್ಯಪುರುಷರು ಯಾರನ್ನೂ ಕಾಯಲಿಲ್ಲ. ಕಲ್ಹುವಿನ ಅರಮನೆಯಲ್ಲಿ ಉಳಿದಿದ್ದ ಕೆತ್ತನೆಗಳನ್ನು 2015ರಲ್ಲಿ ಉಗ್ರಗಾಮಿಗಳು ಸಿಡಿಮದ್ದಿಟ್ಟು ಒಡೆದರು. ತಮ್ಮನ್ನು ತಾವೂ ಅವು ಕಾಯ್ದುಕೊಳ್ಳಲಿಲ್ಲ.

ಹಾಗಾದರೆ ಆ ಜನರಿಗೆ ಒಳಗಿನ ಕೊಳೆಯ ಅರಿವೇ ಇರಲಿಲ್ಲವೇ? ಹಾಗೆಂದರೆ ಅನ್ಯಾಯವಾದೀತು. ‘ಶುರ್ಪು’ ಎಂಬ ಅವರ ಪ್ರಾಯಶ್ಚಿತ್ತ ಗ್ರಂಥದ ಮಣ್ಣಿನ ಫಲಕಗಳು ನಿನೆವೆಯಲ್ಲಿಯೇ ದೊರೆತಿವೆ. ಈರುಳ್ಳಿಯ ಸಿಪ್ಪೆಯನ್ನು ಸುಲಿಸುಲಿದು ಬೆಂಕಿಗೆ ಹಾಕುತ್ತ, ಪಾಪವೂ ಹೀಗೆಯೇ ಸುಲಿದು ಹೋಗಲೆಂದು ಬೇಡುವ ಕರ್ಮವದು. ಅದರಲ್ಲಿ ತಪ್ಪುಗಳ ದೀರ್ಘವಾದ ಪಟ್ಟಿಯಿದೆ. ಬಾಯಿ ನೇರವಾಗಿದ್ದು ಮನಸ್ಸು ವಕ್ರವಾಗಿತ್ತೇ? ಕಳ್ಳ ತಕ್ಕಡಿಯಲ್ಲಿ ತೂಗಿದನೇ? ತಂದೆ ಮಕ್ಕಳನ್ನು ಅಗಲಿಸಿದನೇ? ಎಲ್ಲೆಕಲ್ಲನ್ನು ಸರಿಸಿದನೇ? ಈ ವಿಚಾರಗಳೆಲ್ಲ ಅಲ್ಲಿವೆ. ಪ್ರಶ್ನೆಗಳು ಅವರಲ್ಲಿದ್ದವು, ಅವನ್ನು ಊರು ಮುಳುಗಿಸಿದ ಅರಸನು ತನಗೆ ತಾನೇ ಕೇಳಿಕೊಳ್ಳಲಿಲ್ಲ, ಅಷ್ಟೆ.

ಸದ್ಭಕ್ತರೇ, ನಾವು ಅರಸರಲ್ಲ. ಊರನ್ನು ಮುಳುಗಿಸುವ ಶಕ್ತಿ ನಮಗಿಲ್ಲ. ಆದರೆ ತಕ್ಕಡಿ ನಮ್ಮ ಅಂಗಡಿಯಲ್ಲಿದೆ. ಎಲ್ಲೆಕಲ್ಲು ನಮ್ಮ ಹೊಲದಲ್ಲಿದೆ. ತಂದೆ ಮಕ್ಕಳು ನಮ್ಮ ಮನೆಯಲ್ಲಿದ್ದಾರೆ. ನಾಳೆ ಬೆಳಗ್ಗೆ ತಂಬಿಗೆಯ ನೀರನ್ನು ತಲೆಯ ಮೇಲೆ ಸುರಿದುಕೊಳ್ಳುವ ಮುನ್ನ ಆ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳಿಕೊಳ್ಳಿರಿ. ಸರಿಸಿದ ಕಲ್ಲನ್ನು ಮೊದಲಿನ ಜಾಗದಲ್ಲಿಟ್ಟು ಬಂದು ಮಿಂದರೆ ಬಾವಿಯ ನೀರೇ ತೀರ್ಥವಾಗುವುದು. ಇಡದೆ ಮಿಂದರೆ ತೀರ್ಥವೂ ಬರಿಯ ನೀರಾಗಿಯೇ ಉಳಿಯುವುದು. ಒಳಗೂ ಹೊರಗೂ ಒಂದೇ ತೆರನಾದ ಶುಚಿತ್ವವು ನಿಮ್ಮೆಲ್ಲರಿಗೂ ಲಭಿಸಲೆಂದು ಹಾರೈಸುತ್ತೇವೆ.